ಬೀಗರ ಊರಿಗೆ ಸ್ವಂತ ಮೋಟರು

ಊರ ನಡುವಿನ ಚೌಬಾರ ಗೋಪುರದ ಹತ್ತಿರದ ಗಲ್ಲಿಯಲ್ಲಿ ಶಿವರಾಜಪ್ಪನ ಮೋಟರು ಸಿಕ್ಕಿಕೊಂಡಾಗ ಬೆಳಗಿನ ಎಂಟೂವರೆ. ಮುಂದೆ ಕಣಿಕಿ ಮೇವು ಹೇರಿದ ಬಂಡಿ. ಅದರ ಗಾಲಿಯ ಕೀಲು ಮುರಿದಿತ್ತು. ಹಿಂದೆ ಎರಡು ಟಾಂಗಾ. ಎಡಕ್ಕೆ ಗೋಡೆ, ಬಲಕ್ಕೂ ಗೋಡೆ. ಮೋಟರಿನ ಬಾಗಿಲು ಒಂದು ಗೇಣು ತೆರೆದು ಕಲ್ಲಿಗೆ ತಾಗಿ ನಿಂತುಬಿಟ್ಟಿತು.

"ಹಾರ್ನ್ ಹೊಡೀರಿ," ಅಂದಳು ಹಿಂದಿನ ಸೀಟಿನಲ್ಲಿ ಗಂಟು ಹಿಡಿದು ಕೂತಿದ್ದ ಹೆಂಡತಿ ಅನುಸೂಯಾಬಾಯಿ.

ಶಿವರಾಜಪ್ಪ ರಬ್ಬರಿನ ಚೆಂಡು ಹಿಚುಕಿದ. ಟಾಂಗಾದ ಕುದುರೆ ಕೆನೆದು ಉತ್ತರ ಕೊಟ್ಟಿತು. ಬೇರೆ ಯಾರೂ ಅಲುಗಲಿಲ್ಲ.

ಭಾಲ್ಕಿಯಲ್ಲಿ, ಸೊಸೆಯ ತವರಿನಲ್ಲಿ, ಅಂದು ಮೊದಲ ಮೊಮ್ಮಗಳ ತೊಟ್ಟಿಲು. ಹನ್ನೆರಡರೊಳಗೆ ಹೆಸರಿಡುವ ಗಳಿಗೆ. ಅನುಸೂಯಾಬಾಯಿ ತನ್ನ ಮದುವೆಯ ರೇಷ್ಮೆ ಸೀರೆ ಕತ್ತರಿಸಿ ಕೂಸಿನ ತಲೆಗೆ ಕುಂಚಿಗೆ ಹೊಲಿದಿದ್ದಳು. ಅದನ್ನು ತೊಡಿಸಿಯೇ ಕೂಸನ್ನು ತೊಟ್ಟಿಲಿಗೆ ಹಾಕಬೇಕು. ಒಂಬತ್ತರ ಬಸ್ಸಿಗೆ ಹೋಗೋಣ ಎಂದು ಎಂಟು ದಿನದಿಂದ ಹೇಳುತ್ತಲೇ ಇದ್ದಳು. ಶಿವರಾಜಪ್ಪ ಕೇಳಬೇಕಲ್ಲ! ಪೊಲೀಸ್ ಆಕ್ಷನ್ ಆದ ಮೇಲೆ ಹೈದರಾಬಾದಿಗೆ ಹೊರಟುಹೋದ ಸಾಹೇಬರೊಬ್ಬರ ಹಳೆಯ ಮೋಟರನ್ನು ಅವನು ಕೊಂಡು ಆರು ತಿಂಗಳಾಗಿತ್ತು. 'ಸ್ವಂತ ಮೋಟರಿನಲ್ಲಿ ಬರುತ್ತೇವೆ' ಎಂದು ಬೀಗರಿಗೆ ಕಾಗದ ಬರೆದಿದ್ದ. 'ಸ್ವಂತ'ದ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ.

ಗಲ್ಲಿಯ ಬಾಯಿಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಅಬ್ದುಲ ವಾಹೀದ ಟಾಂಗಾಗಳ ಸಂದಿಯಲ್ಲಿ ನುಸುಳಿ ಬಂದ. ಸುತ್ತಲೂ ನೋಡಿ ಗಡ್ಡ ಕೆರೆದುಕೊಂಡ.

"ಸೇಠಜಿ, ನಿಮ್ಮ ಮೋಟರ್ ಭಾರಿ ಅದರಿ. ನಮ್ಮ ಗಲ್ಲೀನೇ ಗರೀಬ ಅದ."

"ಬಂಡಿ ಯಾವಾಗ ಸರೀತದೋ ವಾಹೀದ?"

"ಬಡಿಗ್ಯಾರಂವ ಕಮಠಾಣಕ್ಕ ಹೋಗ್ಯಾನ್ರಿ. ಮಧ್ಯಾಹ್ನಕ್ಕ ಬರ್ತಾನಂತ."

ಅನುಸೂಯಾಬಾಯಿ ಗಂಟನ್ನು ಬಿಚ್ಚಿ ಕುಂಚಿಗೆಯನ್ನೊಮ್ಮೆ ನೋಡಿ ಮತ್ತೆ ಕಟ್ಟಿದಳು. ಅವಳು ಬೈದಿದ್ದರೆ ಶಿವರಾಜಪ್ಪನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಜೇಬಿನ ಗಡಿಯಾರ ತೆಗೆದು ನೋಡಿದ. ಒಂಬತ್ತಕ್ಕೆ ಇನ್ನು ಕಾಲು ಗಂಟೆ. ಬಸ್ ಅಡ್ಡಾ ಊರ ಹೊರಗೆ. ನಡೆದರೆ ಬಸ್ಸು ಸಿಗದು, ಟಾಂಗಾಗಳೂ ಇಲ್ಲೇ ಸಿಕ್ಕಿಬಿದ್ದಿವೆ.

"ಒಂದು ಸೈಕಲ್ ಕೊಡಲೇನ್ರಿ?" ಅಂದ ವಾಹೀದ. ಮೋಟರು ಬರುವ ತನಕ ಹತ್ತು ವರ್ಷ ಶಿವರಾಜಪ್ಪ ಅದೇ ಅಂಗಡಿಯಲ್ಲಿ ಸೈಕಲ್ಲಿಗೆ ಗಾಳಿ ತುಂಬಿಸಿಕೊಂಡು ಉಸ್ಮಾನಗಂಜಿನ ಪೇಟೆಗೆ ಹೋಗುತ್ತಿದ್ದವನು.

"ಏ, ಮಂದಿ ಏನಂದಾರು? ಕರೀ ಕೋಟ್ ಹಾಕ್ಕೊಂಡು, ಹೆಂಡತಿನ್ನ ಹಿಂದ ಕೂಡಿಸ್ಕೊಂಡು..."

"ಮಂದಿ ಈಗ ಏನ್ ಅನ್ನಲಿಕತ್ತಾರ, ಅದನ್ನ ಕೇಳ್ರಿ," ಅಂದಳು ಅನುಸೂಯಾಬಾಯಿ. ಕೇಳುವ ಅಗತ್ಯವಿರಲಿಲ್ಲ. ಎರಡೂ ಕಡೆಯ ಮಾಳಿಗೆಗಳ ಮೇಲಿಂದ ಜನ ನಗುತ್ತಿದ್ದರು.

ಬಾಗಿಲಿನಿಂದ ಇಳಿಯುವಂತಿರಲಿಲ್ಲ. ಮೋಟರಿನ ಮೇಲಿನ ಕ್ಯಾನ್‌ವಾಸ್ ಮಡಚಿ, ವಾಹೀದ ತಂದ ಸ್ಟೂಲಿನ ಮೇಲೆ ಕಾಲಿಟ್ಟು ಇಬ್ಬರೂ ಹಿಂದಿನಿಂದ ಇಳಿದರು. ಅನುಸೂಯಾಬಾಯಿ ಸುಲಭವಾಗಿ ಇಳಿದಳು. ಶಿವರಾಜಪ್ಪನನ್ನು ಇಳಿಸಲು ಟಾಂಗಾದವರಿಬ್ಬರೂ ಕೈ ಹಚ್ಚಬೇಕಾಯಿತು.

"ಸೈಕಲ್ ಅಡ್ಡಾದಾಗ ಬಿಟ್ಟು ಹೋಗ್ರಿ, ನಾ ತರ್ತೇನಿ. ಮೋಟರಿಂದು ಫಿಕರ್ ಮಾಡಬ್ಯಾಡ್ರಿ. ಅದು ಎಲ್ಲೀನೂ ಹೋಗಂಗಿಲ್ಲ," ಅಂದ ವಾಹೀದ.

ಧೋತರದ ಅಂಚನ್ನು ಮೇಲೆ ಸಿಕ್ಕಿಸಿಕೊಂಡು ಶಿವರಾಜಪ್ಪ ತುಳಿಯತೊಡಗಿದ. ಮೊದಲು ಸೈಕಲ್ಲು ಆ ಕಡೆ ವಾಲಿತು, ಈ ಕಡೆ ವಾಲಿತು. ಚೌಬಾರ ದಾಟುವಷ್ಟರಲ್ಲಿ ಕಾಲಿಗೆ ಹಳೆಯ ಅಭ್ಯಾಸ ಮರಳಿತು. ಬಾಳೆಹಣ್ಣಿನ ಗಾಡಿಯ ಬಲಕ್ಕೆ ಒಂದು ಸಂದು, ಮಲಗಿದ ಎಮ್ಮೆಯ ಎಡಕ್ಕೆ ಒಂದು ಸಂದು. ಆರು ತಿಂಗಳಿಂದ ಅವನಿಗೆ ದಾರಿಯನ್ನೇ ಕೊಡದ ಊರು ಈಗ ಎಲ್ಲ ಕಡೆಯೂ ತೆರೆದುಕೊಂಡಿತು. ಬೆನ್ನ ಹಿಂದೆ ಕೋಟು ಹಿಡಿದು ಕೂತ ಅನುಸೂಯಾಬಾಯಿ ಏನೋ ಸದ್ದು ಮಾಡುತ್ತಿದ್ದಳು. ಅಳುತ್ತಿದ್ದಾಳೇನೋ ಎಂದು ಗಾಬರಿಯಾಗಿ ತಿರುಗಿ ನೋಡಿದ. ನಗುತ್ತಿದ್ದಳು.

"ಮುಂದ ನೋಡ್ರಿ ಮುಂದ!" ಎಂದು ಬೆನ್ನಿಗೆ ಗುದ್ದಿದಳು.

ಅಡ್ಡಾದಲ್ಲಿ ಕಂಡಕ್ಟರ್ ಸೀಟಿ ಊದಿ ಬಸ್ಸು ಅಲುಗುತ್ತಿದ್ದಾಗ ಇಬ್ಬರೂ ಕೂಗಿ ನಿಲ್ಲಿಸಿ ಹತ್ತಿದರು. ಔರಾದದಿಂದ ಕುರಿ ಕೊಳ್ಳಲು ಬಂದವರ ನಡುವೆ, ಒಂದು ಕೋಳಿಬುಟ್ಟಿಯ ಪಕ್ಕ, ಜಾಗ ಸಿಕ್ಕಿತು. ಬಾಣಂತಿಗೆಂದು ಕಟ್ಟಿದ್ದ ಅಂಟಿನ ಉಂಡಿಯ ಡಬ್ಬಿ ಮೋಟರಿನಲ್ಲೇ ಉಳಿದಿತ್ತು. ಕುಂಚಿಗೆ ಮಾತ್ರ ಅವಳ ಮಡಿಲಲ್ಲಿತ್ತು.

ಹನ್ನೊಂದೂವರೆಗೆ ಭಾಲ್ಕಿಯ ಬೀಗರ ಮನೆ ಮುಟ್ಟಿದರೆ, ಬಾಗಿಲಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಬೀಗ ಮಲ್ಲಿಕಾರ್ಜುನಪ್ಪ ಎಮ್ಮೆಗಳನ್ನು ಹೊರಗೆ ಕಟ್ಟಿಸಿ, ಮೋಟರು ನಿಲ್ಲಿಸಲೆಂದು ಕೊಟ್ಟಿಗೆ ತೆರವು ಮಾಡಿಸಿದ್ದ. ಹೆಣ್ಣುಮಕ್ಕಳು ಮೋಟರಿಗೆ ಬೆಳಗಲು ಆರತಿ ಹಿಡಿದು ನಿಂತಿದ್ದರು. ಬೆವರಿದ ಬೀಗರು ನಡೆದುಕೊಂಡೇ ಬಂದದ್ದನ್ನು ಕಂಡು ಆರತಿಯನ್ನು ಯಾರಿಗೆ ಎತ್ತಬೇಕೋ ಅವರಿಗೆ ತಿಳಿಯಲಿಲ್ಲ.

ಅನುಸೂಯಾಬಾಯಿ ಯಾರ ಮುಖವನ್ನೂ ನೋಡದೆ ನೇರ ಒಳಗೆ ಹೋದಳು. ಕುಂಚಿಗೆ ಕೂಸಿಗೆ ಅಳತೆ ತೆಗೆದು ಹೊಲಿದಂತೆ ಕೂತಿತು. ಹೆಸರು ಕೂಗಿ, ಎಲ್ಲರಿಗೂ ಗುಗ್ಗರಿ ಹಂಚಿದ ಮೇಲೆ ಮಲ್ಲಿಕಾರ್ಜುನಪ್ಪ ಮೊಮ್ಮಗಳನ್ನು ತಂದು ಶಿವರಾಜಪ್ಪನ ತೊಡೆಯ ಮೇಲೆ ಮಲಗಿಸಿದ. ಅವರು ಬಂದಾಗಿನಿಂದ ತಡೆಹಿಡಿದಿದ್ದ ಮಾತನ್ನು ಕೊನೆಗೂ ಕೇಳಿದ.

"ಎಲ್ಲಾ ಛಲೋ ಆಯ್ತು ಬೀಗರೇ. ಆದ್ರ ಸ್ವಂತ ಮೋಟರ್‌ದಾಗ ಬರ್ತೇನಿ ಅಂತ ಬರ್ದಿದ್ರಿ? ಊರ ಮಂದಿ ಕಾಯಲಿಕತ್ತಿತ್ತು."

ಕೂಸು ಶಿವರಾಜಪ್ಪನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವನು ಬೆರಳು ಬಿಡಿಸಿಕೊಳ್ಳಲಿಲ್ಲ.

"ಹೊಂಟಿದ್ದೆ ಬೀಗರೇ," ಅಂದ. "ಅದರಾಗ ಬಂದಿದ್ರ ಈ ಕೂಸಿನ ಲಗ್ನಕ್ಕ ಮುಟ್ಟತಿದ್ದೆ."