ಬೇಡ ಅನ್ನುವ ಪಾಳಿ

ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದ ಕಮಲಾಕ್ಷಿಯ ಗಂಡ, ಅದಕ್ಕೆ ಬೇಕಾದ ಹಾಪ್ಸ್ ಬಳ್ಳಿ ಎರಡನ್ನು ತಂದು ಹಿತ್ತಲಲ್ಲಿ ನೆಟ್ಟ. ಒಂದು ಬಳ್ಳಿ ಹುರಿ ಹಿಡಿದು ತಾರಸಿ ಮುಟ್ಟಿತು. ಇನ್ನೊಂದು ಮೊಣಕಾಲೆತ್ತರಕ್ಕೇ ಮೊಂಡುಹಿಡಿದು ನಿಂತಿತು.

“ಕಾಯಿ ಬಿಡದ ನುಗ್ಗೆಗೆ ಏಟು ಹಾಕಲ್ವೇ? ಇದಕ್ಕೂ ಹಾಕಿ,” ಎಂದರು ಗೋಡೆಯಾಚೆಯ ಸರೋಜಕ್ಕ. “ಒಬ್ರು ಹೊಡೀಬೇಕು, ಇನ್ನೊಬ್ರು ಬೇಡ ಬೇಡ ಅಂತ ಅಡ್ಡ ಬರಬೇಕು. ಗಿಡಕ್ಕೆ ನಾಚಿಕೆಯಾಗಿ ಚಿಗುರ್ತದೆ.”

ಗಂಡ ಹುಣಸೆಯ ಬರಲನ್ನು ತಂದು ಬಳ್ಳಿಗೆ ಬಾರಿಸಿದ. “ಬೇಡ, ಬಿಟ್ಬಿಡಿ, ಇನ್ಮೇಲೆ ಸರಿಹೋಗ್ತದೆ,” ಎಂದು ಕಮಲಾಕ್ಷಿ ನಗುತ್ತಲೇ ಬೇಡಿಕೊಂಡಳು. ಬಳ್ಳಿ ಜಗ್ಗಲಿಲ್ಲ.

“ನೀರು ಹಾಕೋಳು ನೀನು ತಾನೆ? ಒಂದಕ್ಕೆ ತಾಯಿ, ಒಂದಕ್ಕೆ ಮಲತಾಯಿ!” ಎಂದು ಅವನು ಬರಲನ್ನು ಅವಳ ಬೆನ್ನಿಗೇ ಬೀಸಿದ. ಅಲ್ಲಿಂದಾಚೆಗೆ ಅದೇ ರೂಢಿಯಾಯಿತು. ಚರ್ಮ ಸುಲಿದು ರಕ್ತ ಒಸರಿದಾಗಲೂ ಅವಳ ಬಾಯಿಂದ ಬರುತ್ತಿದ್ದುದು ಅದೇ ಮಾತು: “ಬೇಡ, ಬಿಟ್ಬಿಡಿ!”

“ಚೆನ್ನಾಗಿ ಹಾಕಿ, ಚಿಗುರ್ತದೆ!” ಎಂದು, ಏಟು ಬಳ್ಳಿಗೇ ಅಂದುಕೊಂಡು, ಗೋಡೆಯಾಚೆ ಸರೋಜಕ್ಕ ನಗುತ್ತಿದ್ದರು.

“ಹಾಕ್ತಾನೇ ಇದೀನಿ ಅಕ್ಕ,” ಎಂದು ಗಂಡನೂ ನಗುತ್ತಿದ್ದ.

ಒಂದು ಬೆಳಗ್ಗೆ ಬರಲು ಎತ್ತಿಕೊಂಡು ನುಗ್ಗಿದವನು, ಆ ಮೊಂಡು ಬಳ್ಳಿಯೇ ಕಾಲಿಗೆ ತೊಡರಿ ದೊಪ್ಪನೆ ಬಿದ್ದ. ಬರಲು ಕಮಲಾಕ್ಷಿಯ ಪಾದದ ಬಳಿಗೆ ಬಂತು. ಅವಳು ಬಗ್ಗಿ ಎತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಸರೋಜಕ್ಕ ಗೋಡೆಯಾಚೆಯಿಂದ ಕೂಗಿದರು: “ಇದೇನೇ ಕಮಲಾಕ್ಷಿ, ಇವತ್ತು ಬೇಡ ಬೇಡ ಅಂತಿರೋದು ಯಜಮಾನ್ರ ದನಿ?”

“ಹೂಂ ಅಕ್ಕ, ಪಾಳಿ ಬದಲಾಯ್ತು,” ಎನ್ನುತ್ತ ಕಮಲಾಕ್ಷಿ ಬರಲನ್ನು ಮತ್ತೆ ಮೇಲಕ್ಕೆತ್ತಿದಳು.