ಬಾಗಿಲಿಗೆ ಬೆನ್ನು

ಅಮೆರಿಕದ ಯೆಲ್ಲೋಸ್ಟೋನ್ ನದಿ ದಂಡೆಯ ಕ್ರೋ ಎಂಬ ಮೂಲನಿವಾಸಿ ಜನರಲ್ಲಿ, ನಡುವೆ ಮಗಳು ಬದುಕಿರುವಷ್ಟು ಕಾಲ ಅತ್ತೆ ಅಳಿಯ ಮಾತಾಡುವಂತಿಲ್ಲ, ಮುಖ ನೋಡುವಂತಿಲ್ಲ. ಹನ್ನೊಂದು ವರ್ಷ ಇಬ್ಬರ ಮಾತನ್ನೂ ಆಚೀಚೆ ಮುಟ್ಟಿಸಿದ ಮಗಳು ಈಗ ಜ್ವರ ಬಂದು ಗುಡಾರದೊಳಗೆ ಮಲಗಿದ್ದಳು. ಗಂಡ ಪಕ್ಕದಲ್ಲಿದ್ದ. ತಾಯಿ ನಾಲ್ಕು ದಿನದಿಂದ ಹೊರಗೆ ಬಾಗಿಲಿಗೆ ಬೆನ್ನು ಹಾಕಿ ಕೂತು ಸಾರು ಕಾಯಿಸುತ್ತಿದ್ದಳು.

"ಸಾರು ಕೊಡ್ಲಾ ಅಂತ ನಿನ್ನ ಗಂಡನ್ನ ಕೇಳು, ಮಗಳೇ."

"ಆಮೇಲೆ ಕುಡೀತೀನಿ ಅಂತ ನಿಮ್ಮವ್ವನಿಗೆ ಹೇಳು," ಒಳಗಿನಿಂದ ಅಳಿಯನ ದನಿ.

ಮಗಳ ಮಾತು ನಿಂತು ಎರಡು ದಿನವಾಗಿದ್ದರೂ ಇಬ್ಬರೂ ಹೇಳುವುದನ್ನು ಅವಳಿಗೇ ಹೇಳುತ್ತಿದ್ದರು.

ಮಧ್ಯಾಹ್ನ ಅಳಿಯ ಹೊರಗೆ ಬಂದ. ಅತ್ತೆ ರೂಢಿಯಂತೆ ಕಂಬಳಿಯಿಂದ ಮುಖ ಮುಚ್ಚಿಕೊಂಡಳು. ಅವನು ಸರಿದು ಹೋಗಲಿಲ್ಲ, ಎದುರಿಗೇ ಕುಳಿತ.

"ಅತ್ತೆ, ಸಾರು ಆರ್ತಾ ಇದೆ. ನೀವೇ ಕುಡೀರಿ."