ನೂರು ವರ್ಷದ ಬರ

“ಆನೆ ನಾಣ್ಯ ಒಂದೂ ಸಿಗಲಿಲ್ಲ ಕಣೋ ವಾಮನ. ಅಂದ್ರೆ ಆ ನೂರು ವರ್ಷ ಮಳೆ ಇಲ್ಲ, ವ್ಯಾಪಾರ ಇಲ್ಲ, ಊರೇ ಖಾಲಿ. ಧೈರ್ಯವಾಗಿ ಬರಿ,” ಅಂದಿದ್ದ ಗೆಳೆಯ ಧರಣೇಂದ್ರ.

ಹಳೇ ಪೇಟೆಯ ದಿಬ್ಬ ಅಗೆದದ್ದು ಇಬ್ಬರೂ ಸೇರಿಯೇ. ಮಣ್ಣು ಜರಡಿ ಹಿಡಿದು ನಾಣ್ಯ ಆರಿಸುವುದು ಧರಣೇಂದ್ರನ ಪಾಲು, ಬರೆಯುವುದು ವಾಮನನದು. ಕೆಳಗಿನ ಪದರದಲ್ಲಿ ಹಂದಿ ಗುರುತಿನ ಚಿನ್ನದ ನಾಣ್ಯ, ಮೇಲೆ ಸಿಂಹದವು. ನಡುವಿನ ಕಾಲದ ರಾಜರ ಆನೆ ಗುರುತಿನವು ಮಾತ್ರ ಬರಲೇ ಇಲ್ಲ. ಅದನ್ನೇ ನಂಬಿ ವಾಮನ ಆ ಬರಗಾಲದ ಮೇಲೆ ಪುಸ್ತಕ ಬರೆದ. ನಾಳೆ ಬಿಡುಗಡೆ. ಮೊದಲ ಪ್ರತಿ ಹಿಡಿದು ಗೆಳೆಯನ ಮನೆಗೆ ಬಂದ.

“ನಿನಗೇ ಅರ್ಪಿಸಿದ್ದೀನಿ, ನೋಡು.”

“ನನಗ್ಯಾಕೋ? ನಾನು ಬರೀ ಜರಡಿ ಹಿಡಿದವನು.”

“ಆನೆ ನಾಣ್ಯ ಸಿಗಲಿಲ್ಲ ಅಂತ ನೀನು ಅಂದಿದ್ದಕ್ಕೇ ತಾನೆ ಇದು ಹುಟ್ಟಿದ್ದು.”

ಧರಣೇಂದ್ರ ನಗಲಿಲ್ಲ. ಅಷ್ಟರಲ್ಲಿ ಹೊಸ ಸೊಸೆ ಕಾಫಿ ತಂದಳು.

“ಅಲ್ಲೇ ಇಟ್ಟು ಒಳಗೆ ಹೋಗಮ್ಮ,” ಅಂದ ಅವಸರದಲ್ಲಿ.

“ಇರಿ ಮಾವ, ದೊಡ್ಡವರಿಗೆ ನಮಸ್ಕಾರ ಮಾಡಿ ಹೋಗ್ತೀನಿ.”

ಅವಳು ಬಗ್ಗಿದಾಗ ಸೆರಗಿನ ಮರೆಯಿಂದ ಕಾಸಿನ ಸರ ಜಾರಿ, ವಾಮನನ ಕಣ್ಣೆದುರು ತೂಗಿತು. ಒಂದೊಂದು ಕಾಸಿನ ಮೇಲೂ ಒಂದೊಂದು ಆನೆ.